ಲೆಕ್ಕಕ್ಕೆ ಸಿಗದ ನಡಿಗೆ

“ನಿನ್ನೆ ಎರಡರಿಂದ ಮೂರು ಗಂಟೆ ಒಳಗೆ ಈ ಮೂಲೆ ದಾಟಿ ನಡೆದು ಹೋದವರು ಏಳೇ ಜನ ಅಕ್ಕಾ. ಏಳೂ ಜನ ನನಗೆ ಗೊತ್ತಿರೋರೇ. ಒಬ್ಬರ ಕೈಯಲ್ಲೂ ಪೆಟ್ಟಿಗೆ ಇರಲಿಲ್ಲ.”

ಹೊಲಿಗೆ ಟೀಚರ್ ಇದನ್ನು ನನಗೆ ನಾಲ್ಕನೇ ಸಲ ಹೇಳುತ್ತಿದ್ದರು. ದೊಡ್ಡ ಕೊಡೆಯ ಕೆಳಗೆ ಮಡಚುವ ಕುರ್ಚಿ, ತೊಡೆಯ ಮೇಲೆ ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಅಂಗಡಿ ಬೀದಿಗೆ ಕಾರು ಬಾರದಂತೆ ಮರದ ಗೂಟ ನೆಟ್ಟು ಮೂರು ವಾರವಾಗಿತ್ತು. ಅಂದಿನಿಂದ ಟೀಚರ ಕೆಲಸ ಬರುವವರನ್ನು ಎಣಿಸುವುದು.

ಆ ಎಣಿಕೆಯ ಇಪ್ಪತ್ತು ದಿನದ ಹಾಳೆಗಳಿದ್ದ ನೀಲಿ ತಗಡಿನ ಪೆಟ್ಟಿಗೆ ನಿನ್ನೆ ಮಧ್ಯಾಹ್ನ ಮಂಡಳಿ ಕಚೇರಿಯಲ್ಲಿ, ಈ ಬೀದಿಯ ನಕ್ಷೆ ಹಾಕಿದ ನಕ್ಷೆ ಮೇಡಂ ಮೇಜಿನ ಮೇಲಿಂದ ಮಾಯವಾಗಿತ್ತು. ಇವತ್ತು ಸಂಜೆ ಐದಕ್ಕೆ ಬಡಾವಣೆ ಮಂಡಳಿಯ ಸಭೆ. ಹಾಳೆ ತೋರಿಸಿದರೆ ಬೀದಿ ನಡೆಯುವವರದ್ದು. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಗೂಟ ಕೀಳುತ್ತಾರೆ, ಬೆಂಚು ಹೊತ್ತೊಯ್ಯುತ್ತಾರೆ, ಸುಳ್ಳು ಲೆಕ್ಕ ಬರೆಸಿ ಮುಚ್ಚಿಟ್ಟಳೆಂದು ನಕ್ಷೆ ಮೇಡಂ ಅವರನ್ನು ಕೆಲಸದಿಂದ ತೆಗೆಯುತ್ತಾರೆ.

ಈಗ ಗಂಟೆ ಮೂರೂಕಾಲು.

ಕೆಲಸ ನನ್ನ ತಲೆಗೆ ಬಿದ್ದಿತ್ತು. ನಾನೆಂದರೆ ಪೋಸ್ಟಮ್ಮ. ಮೂವತ್ತೊಂದು ವರ್ಷ ಈ ಬಡಾವಣೆಯ ಮನೆಮನೆಗೆ ಕಾಲ್ನಡಿಗೆಯಲ್ಲಿ ಕಾಗದ ಹಂಚಿದೆ. ಹಾಲಿನ ಪೊಟ್ಟಣಕ್ಕೂ ಕಾರು, ಪಕ್ಕದ ಮನೆಯ ಹುಟ್ಟುಹಬ್ಬಕ್ಕೂ ಕಾರು ಹತ್ತುವ ಈ ಜನರ ನಡುವೆ ನೆಲಕ್ಕೆ ಕಾಲು ತಾಗಿಸುತ್ತಿದ್ದವಳು ನಾನೊಬ್ಬಳೇ. ನಿವೃತ್ತಿಯ ಮೇಲೆ ಕಳೆದುಹೋದದ್ದನ್ನು ಹುಡುಕಿಕೊಡುವ ಈ ಕೆಲಸ ಹಿಡಿದೆ. ಬೇರೇನಿಲ್ಲ, ಮನೆಯಲ್ಲಿ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ.

“ನಿನ್ನೆಯ ಹಾಳೆ ಕೊಡಿ ಟೀಚರ್.”

ನಿನ್ನೆಯದು ಮಾತ್ರ ಉಳಿದಿತ್ತು, ಅವರ ರಟ್ಟಿನಲ್ಲೇ ಇದ್ದುದರಿಂದ. ಎಡಗಡೆ ‘ನಡೆದು ಬಂದವರು’, ಬಲಗಡೆ ‘ಕಾರು ನಿಲ್ಲಿಸಿ ಬಂದವರು’. ಕೊನೆಯಲ್ಲಿ ‘ಷರಾ’ ಎಂಬ ಅಂಕಣ. ಯಾರು ಎಲ್ಲಿ ಎಡವಿದರು, ಯಾವ ಬೆಂಚು ಅಡ್ಡ ಬಂತು ಎಂಬುದೆಲ್ಲ ಅದರಲ್ಲಿ. ಎರಡು ಇಪ್ಪತ್ತಕ್ಕೆ ಸರಿಯಾಗಿ ಟೀಚರ ಮುದ್ದಾದ ಅಕ್ಷರ: ‘ಡ್ರೈವಿಂಗ್ ಮೇಷ್ಟ್ರು ಕುಂಡ ಎಡವಿದರು. ಕುಂಡ ಒಂದಡಿ ಹಿಂದಿಡುವುದು.’

ನನ್ನ ಬೆರಳು ಅಲ್ಲೇ ನಿಂತಿತು.

“ಮೇಷ್ಟ್ರು ಇಲ್ಲಿಗೆ ಬಂದಿದ್ರಾ?”

“ದಿನಾ ಬರ್ತಾರಲ್ಲ.”

“ಮತ್ತೆ ಏಳೇ ಜನ ಅಂದ್ರಿ?”

“ನೀವು ಕೇಳಿದ್ದು ನಡೆದು ಬಂದವರನ್ನ. ಮೇಷ್ಟ್ರು ಕಾರಿನವರು ಅಕ್ಕಾ.”

“ಅವರ ಕಾರು ನೋಡಿದ್ರಾ?”

ಟೀಚರ್ ನನ್ನನ್ನು ಪಾಪದವಳನ್ನು ನೋಡುವಂತೆ ನೋಡಿದರು. “ಕಾರು ಯಾಕೆ ನೋಡ್ಬೇಕು? ಊರಿಗೆಲ್ಲ ಕಾರು ಕಲಿಸಿದ ಮನುಷ್ಯ. ಎಲ್ಲೋ ನಿಲ್ಲಿಸಿ ಬಂದಿರ್ತಾರೆ.”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕಾರು ನಿಲ್ಲಿಸುವ ಜಾಗದ ಕಾವಲುಗಾರನನ್ನು ಬೆಳಿಗ್ಗೆಯಷ್ಟೇ ಮಾತಾಡಿಸಿದ್ದೆ. ಮೂರು ವಾರದಲ್ಲಿ ಬಂದುಹೋದ ಕಾರುಗಳನ್ನೆಲ್ಲ ಅವನು ಬಾಯಿಪಾಠ ಒಪ್ಪಿಸಿದ್ದ. ಅದರಲ್ಲಿ ಮೇಷ್ಟ್ರ ಕಾರು ಇರಲಿಲ್ಲ.

“ಕೈಯಲ್ಲಿ ಏನಾದ್ರೂ ಇತ್ತಾ?”

“ಒಂದು ಬಟ್ಟೆ ಚೀಲ. ಹೋಗುವಾಗ ಮಡಚಿ ಕಂಕುಳಲ್ಲಿ ಇಟ್ಕೊಂಡಿದ್ರು. ಬರುವಾಗ...” ಹೊಲಿಗೆಯವರ ಕಣ್ಣಲ್ಲವೇ, ಬಟ್ಟೆಯ ವಿಷಯ ಮರೆಯುವುದಿಲ್ಲ. “ಬರುವಾಗ ನಾಲ್ಕೂ ಮೂಲೆ ಚುಚ್ಚಿಕೊಂಡಿತ್ತು ಅಕ್ಕಾ. ಹೊಲಿಗೆ ಬಿಡೋ ಹಾಗೆ ಎಳೆದಿತ್ತು.” ಮಾತು ಮುಗಿಯುವಷ್ಟರಲ್ಲಿ ಅವರ ಕೈ ಬಾಯಿಗೆ ಹೋಯಿತು. “ಅಯ್ಯೋ, ಸ್ವಂತ ಅಪ್ಪ!”

ಹೌದು. ಡ್ರೈವಿಂಗ್ ಮೇಷ್ಟ್ರು ನಕ್ಷೆ ಮೇಡಂ ಅವರ ತಂದೆ. ‘ನಾನು ಜೀವಮಾನವಿಡೀ ಊರನ್ನು ಕಾರಿಗೆ ಹತ್ತಿಸಿದೆ, ನನ್ನ ಮಗಳು ಇಳಿಸೋಕೆ ಹೊರಟಿದ್ದಾಳೆ’ ಎಂದು ತುಂಬಿದ ಸಭೆಯಲ್ಲಿ ಕೂಗಾಡಿದ್ದವರು.

ಅಷ್ಟರಲ್ಲಿ ಹಿಂದಿನಿಂದ ಕಿಣಿಕಿಣಿ ಎಂದಿತು. ಮಂಡಳಿಯ ಅಧ್ಯಕ್ಷರು. ಹೊಸ ಕಾರು ಕೊಂಡಾಗಿನಿಂದ ಅದರ ಕೀಲಿಕೈಯನ್ನು ಬೆರಳಲ್ಲಿ ಗಿರಗಿರ ತಿರುಗಿಸುವುದು ಅವರ ಚಾಳಿ. ಕೀಲಿಯ ಬಳೆಗೆ ಒಂದು ಪುಟ್ಟ ಹಿತ್ತಾಳೆ ಗೆಜ್ಜೆ ಬೇರೆ.

“ಏನು ಪೋಸ್ಟಮ್ಮ, ಪೆಟ್ಟಿಗೆಗೂ ನಿಮಗೂ ಭೇಟಿ ಆಯ್ತಾ?”

“ವಿಳಾಸ ಸಿಕ್ಕಿದೆ. ಮನೆ ಹುಡುಕಬೇಕು.”

“ಹುಡುಕಿ, ಹುಡುಕಿ. ನಾನು ನಿನ್ನೆ ಒಂದು ದಿನ ಮೇಲಿನ ಕಚೇರಿಗೆ ಹೋಗಿ ಬರೋದ್ರೊಳಗೆ ಇಲ್ಲಿ ಇಷ್ಟು ದೊಡ್ಡ ನಾಟಕ. ಆಯಮ್ಮನೇ ಎಲ್ಲೋ ಬಚ್ಚಿಟ್ಟಿರ್ತಾರೆ, ಬರೆದಿಟ್ಟುಕೊಳ್ಳಿ. ಐದು ಗಂಟೆ ಅಂದ್ರೆ ಐದೇ ಗಂಟೆ.”

ಕೀಲಿಕೈ ತಿರುಗಿಸುತ್ತಾ ಹೋದರು. ಕಚೇರಿಯಲ್ಲಿ ಅವರ ಕೋಣೆಗೆ ಹಿಂದಿನ ಓಣಿಯಿಂದ ಬೇರೆಯೇ ಬಾಗಿಲಿದೆ, ಅದರ ಬೀಗದ ಕೈ ಅವರೊಬ್ಬರ ಬಳಿಯೇ ಇರುತ್ತದೆ. ನಿನ್ನೆ ಅವರು ಊರಲ್ಲಿರಲಿಲ್ಲ. ಜವಾನ ಊಟಕ್ಕೆ ಮನೆಗೆ ಹೋಗಿದ್ದ. ನಕ್ಷೆ ಮೇಡಂ ಬೀದಿಯ ಆ ತುದಿಯಲ್ಲಿ ಬಣ್ಣದವರ ಜೊತೆ ರಸ್ತೆ ದಾಟುವ ಬಿಳಿ ಪಟ್ಟಿ ಬಳಿಸುತ್ತಿದ್ದರು. ಹಾಗಾಗಿ ಒಳಹೋದವರು ಈ ಮೂಲೆಯಿಂದಲೇ ಹೋಗಿರಬೇಕೆಂದು ನಾನು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯಾಗಿತ್ತು, ಎಣಿಸಿದವರು ಒಬ್ಬರನ್ನು ಬಿಟ್ಟಿದ್ದರು.

ಮೇಷ್ಟ್ರ ಮನೆಗೆ ನನ್ನ ಕಾಲಿಗೆ ಹನ್ನೆರಡು ನಿಮಿಷ. ದಾರಿಯುದ್ದಕ್ಕೂ ನನಗೆ ಕುದಿಯುತ್ತಿತ್ತು. ಮಗಳು ನಿನ್ನೆಯಿಂದ ಅನ್ನ ಮುಟ್ಟಿಲ್ಲ, ಅಪ್ಪ ಪೆಟ್ಟಿಗೆ ಬಚ್ಚಿಟ್ಟುಕೊಂಡು ಕೂತಿದ್ದಾನೆ. ಹೋದವಳೇ ನಾಲ್ಕು ಬಿಗಿಯಬೇಕು ಅಂದುಕೊಂಡೇ ಗೇಟು ತೆಗೆದೆ.

ಮೇಷ್ಟ್ರು ಶೆಡ್ಡಿನಲ್ಲಿ ಕಾರು ಒರೆಸುತ್ತಿದ್ದರು. ತಲೆಯ ಮೇಲೆ ‘ಕಲಿಯುವವರಿದ್ದಾರೆ’ ಎಂಬ ಫಲಕ ಹೊತ್ತ ಅದೇ ಬಿಳಿ ಕಾರು. ಇದರಲ್ಲೇ ನನಗೂ ಕಲಿಸಲು ಹೋಗಿ, ಮೂರನೇ ದಿನ ‘ಪೋಸ್ಟಮ್ಮ, ನಿಮಗೆ ನಿಮ್ಮ ಕಾಲೇ ಸರಿ’ ಎಂದು ಕೈ ಮುಗಿದಿದ್ದರು.

“ಮೇಷ್ಟ್ರೇ, ಮಂಡಿ ನೋವು. ಅಂಗಡಿ ಬೀದಿ ತನಕ ಬಿಟ್ಟು ಬರ್ತೀರಾ?”

ಒರೆಸುವ ಕೈ ನಿಂತಿತು. “ಪೆಟ್ರೋಲ್ ಕಮ್ಮಿ ಇದೆ.”

“ಬೆಳಿಗ್ಗೆ ಸ್ಟಾರ್ಟ್ ಮಾಡಿದ್ದು ಬೀದಿಗೆಲ್ಲ ಕೇಳಿಸ್ತಲ್ಲ.”

“ಬ್ರೇಕು ಸರಿ ಇಲ್ಲ.”

“ಬ್ರೇಕಿಲ್ಲದೆ ಬೆಳಿಗ್ಗೆ ಎಲ್ಲಿಗೆ ಹೋಗಿದ್ರಿ?”

ಮೇಷ್ಟ್ರು ಮತ್ತೆ ಒರೆಸತೊಡಗಿದರು. ನಾನು ಬಗ್ಗಿ ನೋಡಿದೆ. ಬಾನೆಟ್ಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೆಳಗೆ, ಮುಂದಿನ ಚಕ್ರಕ್ಕೂ ಗೋಡೆಗೂ ನಡುವೆ, ಜೇಡ ಅಂಗೈಯಗಲ ಬಲೆ ಹೆಣೆದು ಆರಾಮವಾಗಿ ಸಂಸಾರ ಹೂಡಿತ್ತು. ಚಕ್ರದ ಬುಡದಲ್ಲಿ ಒಣಗಿದ ಎಲೆಗಳ ರಾಶಿ. ಒಂದು ಎಲೆಯೂ ಮುರಿದಿರಲಿಲ್ಲ. ದಿನಾ ಬೆಳಿಗ್ಗೆ ಕೂಗುವ ಈ ಕಾರು ತಿಂಗಳುಗಟ್ಟಲೆಯಿಂದ ಒಂದು ಗೇಣೂ ಕದಲಿರಲಿಲ್ಲ.

“ನಿನ್ನೆ ಅಂಗಡಿ ಬೀದಿಗೆ ಬಂದಿದ್ರಾ ಮೇಷ್ಟ್ರೇ?”

“ನಾನಾ? ಆ ಬೀದಿ ಕಡೆ ತಲೆ ಹಾಕಿಯೂ ಮಲಗೋದಿಲ್ಲ.”

“ಹೋಗದಿರೋದೇ ವಾಸಿ ಬಿಡಿ. ಅಲ್ಲೊಂದು ಕಲ್ಲು ಅಲ್ಲಾಡುತ್ತೆ. ನನ್ನ ಮಂಡಿ ಹೋಗಿದ್ದೇ ಅದರಿಂದ.”

“ಔಷಧಿ ಅಂಗಡಿ ಮುಂದಿಂದು ತಾನೇ? ಅಲ್ಲಿ ಎಡಕ್ಕೆ ಗೋಡೆ ಹತ್ತಿರ ಹೋಗ್ಬೇಕು ಪೋಸ್ಟಮ್ಮ, ನಡುವೆ ಕಾಲಿಟ್ರೆ...”

ಅಲ್ಲಿಗೆ ನಾಲಿಗೆ ಕಚ್ಚಿಕೊಂಡರು.

ನಾನು ಟೀಚರ ಹಾಳೆ ಮುಂದೆ ಹಿಡಿದೆ. “ಇದನ್ನ ಓದಿ.”

ಅವರು ಹಾಳೆ ತೆಗೆದುಕೊಂಡರು. ನೇರವಾಗಿ ನೋಡಲಿಲ್ಲ. ಕೋಳಿ ಕಾಳು ನೋಡುವಂತೆ ಕತ್ತು ಓರೆ ಮಾಡಿ ಎಡಗಣ್ಣಿನ ಅಂಚಿನಿಂದ ನೋಡಿದರು, ಬಲಗಣ್ಣಿನ ಅಂಚಿನಿಂದ ನೋಡಿದರು. ಕೊನೆಗೆ ಹಾಳೆಯನ್ನು ಮೆಲ್ಲಗೆ ಬಾನೆಟ್ಟಿನ ಮೇಲಿಟ್ಟರು.

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಿಗಿಯಲು ಬಂದವಳಿಗೆ ನಾಚಿಕೆಯಾಯಿತು.

“ಎಷ್ಟು ದಿನದಿಂದ ಮೇಷ್ಟ್ರೇ?”

“ಎಂಟು ತಿಂಗಳು.” ಶೆಡ್ಡಿನ ಮೆಟ್ಟಿಲ ಮೇಲೆ ಕುಕ್ಕರಿಸಿದರು. “ಎದುರಿಗೆ ನಿಂತವರ ಮುಖದ ಜಾಗದಲ್ಲಿ ಬೂದು ಮಚ್ಚೆ. ಸುತ್ತ ಎಲ್ಲ ಕಾಣುತ್ತೆ, ನಡುವೆ ಏನೂ ಇಲ್ಲ. ಡಾಕ್ಟರು ಇನ್ಮೇಲೆ ಕಾರು ಮುಟ್ಟಬೇಡಿ ಅಂದ್ರು. ನನಗೆ! ಕಾರು ಮುಟ್ಟಬೇಡಿ ಅಂತ!”

“ಮತ್ತೆ ದಿನಾ ಸ್ಟಾರ್ಟ್ ಮಾಡೋದು?”

“ಮಗಳು ಸ್ನಾನಕ್ಕೆ ಹೋದಾಗ ಮಾಡ್ತೀನಿ. ಅವಳಿಗೆ ಕೇಳಿಸಲಿ ಅಂತ.”

“ಪೆಟ್ಟಿಗೆ?”

ಕೈಯಲ್ಲಿದ್ದ ಒರೆಸುವ ಬಟ್ಟೆ ಹಿಂಡಿದರು. ಹಿಂಡಲು ಅದರಲ್ಲಿ ನೀರೇ ಇರಲಿಲ್ಲ.

“ಮೂರನೇ ದಿನ ಬೆಂಚಿಗೆ ಡಿಕ್ಕಿ ಹೊಡೆದೆ. ಒಂಬತ್ತನೇ ದಿನ ಒಬ್ಬರ ಮೈಮೇಲೇ ಹೋದೆ. ನಿನ್ನೆ ಕುಂಡ. ಪ್ರತಿ ಸಲ ಆ ಟೀಚರಮ್ಮ ‘ಏನಾಯ್ತು ಮೇಷ್ಟ್ರೇ’ ಅಂತ ಕೇಳಿ ಬರ‍್ಕೊಳ್ಳೋರು. ಪೆನ್ಸಿಲ್ ಸದ್ದು ಕೇಳಿಸುತ್ತಲ್ಲ. ಇವತ್ತು ಸಭೆಯಲ್ಲಿ ಎಲ್ಲ ಹಾಳೆ ಓದ್ತಾರಂತೆ. ನಾನು ಕಾರು ಕಲಿಸಿದ ಅಷ್ಟೂ ಜನ ಕೂತಿರ್ತಾರೆ. ಅವರೆದುರಿಗೆ ನನ್ನ ಮಗಳೇ ಓದಬೇಕು, ಮೇಷ್ಟ್ರು ಎಡವಿದರು, ಮೇಷ್ಟ್ರು ಗೋಡೆ ಹಿಡಿದು ಹೋದರು ಅಂತ.”

“ಅದಕ್ಕೆ ಎತ್ತಿಕೊಂಡು ಬಂದ್ರಿ.”

“ಅವಳಿಗೆ ಲೆಕ್ಕ ಬಾಯಲ್ಲೇ ಇರುತ್ತೆ, ಹಾಳೆ ಇಲ್ಲದಿದ್ರೂ ನಡೆಯುತ್ತೆ ಅಂದ್ಕೊಂಡೆ. ಅವಳ ತಲೆ ಮೇಲೇ ಬರುತ್ತೆ ಅಂತ ಗೊತ್ತಾಗೋ ಹೊತ್ತಿಗೆ ವಾಪಸ್ ಕೊಡೋಕೆ ಮುಖ ಇರಲಿಲ್ಲ.”

“ಆ ಬೀದಿ ಬೇಡ ಅಂತ ಕೂಗಾಡಿದೋರು ಯಾಕೆ ದಿನಾ ಅಲ್ಲಿಗೆ ಹೋಗ್ತೀರಿ?”

“ಇನ್ನೆಲ್ಲಿಗೆ ಹೋಗ್ಲಿ? ಬೇರೆ ಎಲ್ಲೇ ಕಾಲಿಟ್ರೂ ನಾನು ಕಲಿಸಿದೋರೇ ಮೈಮೇಲೆ ಬರ್ತಾರೆ.” ಅವರ ದನಿ ಇಳಿಯಿತು. “ಅಲ್ಲಿ ಬೆಂಚಿನ ಮೇಲೆ ಕೂತ್ರೆ ಜನ ಮಾತಾಡೋದು ಕೇಳಿಸುತ್ತೆ ಪೋಸ್ಟಮ್ಮ. ಇಷ್ಟು ವರ್ಷ ಈ ಊರಲ್ಲಿ ನನಗೆ ಎಂಜಿನ್ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ.”

ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿತ್ತು, ಅದೇ ಬಟ್ಟೆ ಚೀಲದ ಕೆಳಗೆ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಅಲ್ಲಾಡಿಸಿದೆ. ಒಳಗೆ ಹಾಳೆಗಳು ದಪ್ಪಗೆ ಸರಿದಾಡಿದವು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

“ತೆಗೆದು ನೋಡಿದ್ರಾ?”

“ತೆಗೆದು ಏನು ನೋಡ್ಲಿ ಪೋಸ್ಟಮ್ಮ?” ಎಂದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಇಬ್ಬರಿಗೂ ನಗು ಬಂತು.

ನಾಲ್ಕೂ ಹತ್ತಕ್ಕೆ ಹೊರಟೆವು. ಪೆಟ್ಟಿಗೆ ನನ್ನ ಕಂಕುಳಲ್ಲಿ, ಮೇಷ್ಟ್ರ ಕೈ ನನ್ನ ಮೊಣಕೈಯಲ್ಲಿ. ಅವರು ಅಳೆದು ಅಳೆದು ಹೆಜ್ಜೆ ಇಡುತ್ತಿದ್ದರು. ನನಗೆ ಬಿಸಿಲೂ ಹಿತವಾಗಿತ್ತು. ಸಿಕ್ಕ ನಾಯಿಗಳನ್ನೆಲ್ಲ ಮಾತಾಡಿಸಿದೆ. ಕಾಗದ ಹಂಚುವ ದಿನಗಳಲ್ಲಿ ಇವುಗಳ ಅಜ್ಜಂದಿರು ನನ್ನನ್ನು ಅಟ್ಟಿಸಿಕೊಂಡು ಬಂದವರೇ.

“ಅಲ್ಲ ಮೇಷ್ಟ್ರೇ, ಹಾಡಹಗಲಲ್ಲಿ ಕಚೇರಿಗೆ ನುಗ್ಗಿ ಎತ್ಕೊಂಡು ಬಂದ್ರಲ್ಲ, ಧೈರ್ಯ ಮೆಚ್ಚಬೇಕು.”

“ನುಗ್ಗೋದೇನು ಬಂತು. ಜವಾನ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ. ‘ಮಗಳು ತರೋಕೆ ಹೇಳಿದ್ಲಪ್ಪ’ ಅಂದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಎತ್ಕೊಂಡು ಬಂದೆ.”

ಆಗಲೇ ನಾನು ಎಚ್ಚರವಾಗಬೇಕಿತ್ತು. ಆ ಹೊತ್ತಿನಲ್ಲಿ ಜವಾನ ತನ್ನ ಮನೆಯಲ್ಲಿ ಉಣ್ಣುತ್ತಿದ್ದನೆಂದು ನನಗೆ ಗೊತ್ತಿತ್ತು, ಅವನ ಹೆಂಡತಿಯನ್ನೂ ಕೇಳಿ ಖಚಿತ ಮಾಡಿಕೊಂಡಿದ್ದೆ. ಆದರೆ ಪೆಟ್ಟಿಗೆ ಸಿಕ್ಕ ಖುಷಿಯಲ್ಲಿ ಮೇಷ್ಟ್ರ ಮಾತು ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೋಯಿತು. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ನಕ್ಷೆ ಮೇಡಂ ಬೀದಿಯ ಬಾಯಲ್ಲಿ ಗೂಟಕ್ಕೆ ಒರಗಿ ನಿಂತಿದ್ದರು. ಬಟ್ಟೆಯ ಮೇಲೆಲ್ಲ ಬಿಳಿ ಬಣ್ಣದ ಹನಿ, ಕಣ್ಣು ಕೆಂಪಗೆ. ಮೊದಲು ನನ್ನನ್ನು ನೋಡಿದರು, ಆಮೇಲೆ ಪೆಟ್ಟಿಗೆಯನ್ನು, ಆಮೇಲೆ ನನ್ನ ಮೊಣಕೈ ಹಿಡಿದಿದ್ದ ಅಪ್ಪನ ಕೈಯನ್ನು.

“ನಾನೇ ತಗೊಂಡಿದ್ದು ಮಗಳೇ,” ಎಂದರು ಮೇಷ್ಟ್ರು. ಒಂದೇ ಉಸಿರಿಗೆ ಹೇಳಿ ಮುಗಿಸುವ ಅವಸರ. “ಯಾರದೂ ತಪ್ಪಿಲ್ಲ. ನನ್ನ ಕಣ್ಣು...”

“ಗೊತ್ತಪ್ಪ.”

“ಏನು ಗೊತ್ತು?”

“ಕಣ್ಣು. ನೀವು ಕಾಫಿನ ಲೋಟದ ಪಕ್ಕಕ್ಕೆ ಹುಯ್ದು, ಒರೆಸಿ, ಏನೂ ಆಗದೋರ ಹಾಗೆ ಕೂತಿದ್ದು ನೋಡಿ ಏಳು ತಿಂಗಳಾಯ್ತು.” ಅವರು ನೆಲದ ಕಡೆ ಬೆರಳು ಮಾಡಿದರು. “ಕಾಲಿಗೆ ದಾರಿ ತಿಳಿಸೋ ಈ ಬೊಟ್ಟು ಬೊಟ್ಟಿನ ಹಳದಿ ಟೈಲ್ಸ್ ನಮ್ಮ ಮನೆ ಕಡೆಯಿಂದಾನೇ ಯಾಕೆ ಶುರುವಾಗುತ್ತೆ ಅಂದ್ಕೊಂಡ್ರಿ? ಎಂಬತ್ತು ಹೆಜ್ಜೆಗೊಂದು ಬೆಂಚು ಯಾಕೆ? ಎಂಬತ್ತು ಹೆಜ್ಜೆಗೆ ನೀವು ನಿಲ್ತೀರಿ, ಅದಕ್ಕೆ.”

ಮೇಷ್ಟ್ರು ಚಪ್ಪಲಿಯ ತುದಿಯಿಂದ ಆ ಬೊಟ್ಟುಗಳನ್ನು ಸವರಿದರು.

“ಮತ್ತೆ ಹೇಳಲಿಲ್ಲ ಯಾಕೆ?”

“ನೀವು ಹೇಳಲಿಲ್ಲ ಯಾಕೆ?”

ಎಂಟು ತಿಂಗಳು ಒಂದೇ ಸೂರಿನ ಕೆಳಗೆ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಬದುಕಿದ ಅಪ್ಪ ಮಗಳು ಗೂಟದ ಎರಡು ಕಡೆ ನಿಂತು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದರು. ನನ್ನ ಕಣ್ಣಲ್ಲೂ ನೀರು ಬಂತು. ಧೂಳು ಬಿತ್ತೆಂದು ಸುಳ್ಳು ಹೇಳುವ ವಯಸ್ಸಲ್ಲ ನನ್ನದು.

ಕೊನೆಗೆ ಮೇಷ್ಟ್ರು ಮೂಗು ಒರೆಸಿಕೊಂಡು ಹಳೆಯ ಗತ್ತಿನಲ್ಲಿ ಹೇಳಿದರು, “ಇಷ್ಟೆಲ್ಲ ಮಾಡಿದೋಳು ಆ ಔಷಧಿ ಅಂಗಡಿ ಮುಂದಿನ ಕಲ್ಲನ್ನ ಯಾಕಮ್ಮ ಬಿಟ್ಟೆ?”

ಕೊಡೆಯ ಕೆಳಗಿನಿಂದ ಹೊಲಿಗೆ ಟೀಚರ್ ಎಲ್ಲ ಕೇಳಿಸಿಕೊಂಡಿದ್ದರು. ಕಿವಿಯಿಂದ ಪೆನ್ಸಿಲ್ ತೆಗೆದು ಎಡಗಡೆಯ ಅಂಕಣದಲ್ಲಿ ಒಂದು ಗೀಟು ಎಳೆದರು. “ನಡೆದು ಬಂದವರು,” ಎಂದು ಗಟ್ಟಿಯಾಗಿ ಓದಿದರು. “ಹಿಂದಿನದೂ ತಿದ್ದಬೇಕು ಈಗ. ಇಪ್ಪತ್ತೊಂದು ದಿನ!”

ಕಚೇರಿ ತಲುಪಿದಾಗ ಐದಕ್ಕೆ ಹದಿನೈದು ನಿಮಿಷ. ಸಭೆಗೆ ಬಂದವರು ಹೊರಗೆ ಬೆಂಚುಗಳ ಮೇಲೆ ಕೂತಿದ್ದರು. ಪೆಟ್ಟಿಗೆ ನೋಡಿ ಯಾರೋ ಚಪ್ಪಾಳೆ ತಟ್ಟಿದರು. ನಕ್ಷೆ ಮೇಡಂ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು. ನಾನು, ಮೇಷ್ಟ್ರು ಹಿಂದೆ.

ಅಧ್ಯಕ್ಷರು ಬಾಗಿಲಲ್ಲೇ ಇದ್ದರು. ಒಂದು ಗಳಿಗೆ ಅವರ ಮುಖ ಕಪ್ಪಿಟ್ಟಿತು. ಮರುಗಳಿಗೆ ಬಾಯ್ತುಂಬ ನಗು.

“ಸಿಕ್ತಲ್ಲ! ದೊಡ್ಡ ಭಾರ ಇಳೀತಮ್ಮ. ನಾನೇನೇನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ. ಕೊಡಿ ಇಲ್ಲಿ, ಸಭೆ ಶುರುವಾಗೋ ತನಕ ನನ್ನ ಕೋಣೆಯಲ್ಲಿ ಭದ್ರವಾಗಿರಲಿ.”

ಮೇಡಂ ಕೊಟ್ಟರು. ನಾನೂ ಸುಮ್ಮನಿದ್ದೆ. ಅಧ್ಯಕ್ಷರ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯ ಬೆರಳಲ್ಲಿ ಕೀಲಿಕೈ ಕಿಣಿಕಿಣಿ ಎಂದು ತಿರುಗುತ್ತಾ ಹೋಯಿತು. ಕೋಣೆಯ ಬಾಗಿಲು ಮುಚ್ಚಿತು.

ಮೇಷ್ಟ್ರ ಐದೂ ಬೆರಳು ನನ್ನ ಮೊಣಕೈಯಲ್ಲಿ ನಾಟಿದವು.

“ಪೋಸ್ಟಮ್ಮ, ಅದೇನು ಸದ್ದು?”

“ಕಾರಿನ ಕೀಲಿಕೈ. ಗೆಜ್ಜೆ ಕಟ್ಟಿಸಿಕೊಂಡಿದ್ದಾರೆ.”

“ನಿನ್ನೆ ನಾನು ಒಳಗೆ ಹೋದಾಗ ಇದೇ ಸದ್ದು. ನನ್ನ ನೋಡಿ ಥಟ್ಟಂತ ನಿಂತುಹೋಯ್ತು.” ಅವರ ಮುಖ ಬಿಳುಚಿಕೊಂಡಿತ್ತು. “ಕುರ್ಚಿಯಲ್ಲಿ ಕೂತಿದ್ದೋನು ಜವಾನ ಅಲ್ಲ.”

ಮೇಲಿನ ಕಚೇರಿಗೆ ಹೋಗಿದ್ದೆನೆಂದ ಮನುಷ್ಯ. ಹಿಂದಿನ ಓಣಿಯ ಬಾಗಿಲಿಂದ ಬಂದು, ಬೀದಿ ಮತ್ತೆ ಕಾರಿಗೇ ಸಿಗಲೆಂದು, ಹಾಳೆ ಎಗರಿಸಲು ಕೂತಿದ್ದವನು. ಪೆಟ್ಟಿಗೆ ಹೋದದ್ದನ್ನು ಕಣ್ಣಾರೆ ಕಂಡೂ ಬಾಯಿ ಬಿಡದೆ, ತಪ್ಪನ್ನು ಮಗಳ ತಲೆಗೆ ಕಟ್ಟಿದವನು. ಮೇಷ್ಟ್ರು ನಾಚಿಕೆಯಿಂದ ಕದ್ದದ್ದೇ ಒಂದು ದಿನ ಆ ಹಾಳೆಗಳನ್ನು ಅವನ ಕೈಯಿಂದ ಉಳಿಸಿತ್ತು. ಈಗ ನಾವೇ ತಂದು ಅವನ ಕೈಗೆ ಇಟ್ಟಿದ್ದೆವು.

ನಾನು ಓಡಿಹೋಗಿ ಬಾಗಿಲು ತಳ್ಳಿದೆ. ಒಳಗಿನಿಂದ ಚಿಲಕ ಹಾಕಿತ್ತು. ಮೇಡಂ ಎರಡು ಕೈಯಲ್ಲೂ ಬಡಿದರು.

ಹಿಂದಿನ ಓಣಿಯಲ್ಲಿ ಕಾರು ಗುರುಗುಟ್ಟಿತು. ಒಮ್ಮೆ ಜಗ್ಗಿ ಆರಿತು.

“ಕ್ಲಚ್ಚು ಬೇಗ ಬಿಡ್ತಾನೆ,” ಎಂದರು ಮೇಷ್ಟ್ರು. “ಕಲಿಯುವಾಗ ನೂರು ಸಲ ಬೈದಿದ್ದೆ. ಗಾಬರಿಯಾದ್ರೆ ಇವತ್ತಿಗೂ ಅಷ್ಟೇ. ಇನ್ನೊಂದು ಸಲ ಆರುತ್ತೆ ನೋಡಿ.”

ಎಂಜಿನ್ನು ಮತ್ತೆ ಹೊತ್ತಿತು. ಮತ್ತೆ ಆರಿತು.

ನಾನು ತಿರುಗಿ ನೋಡಿದಾಗ ಮೇಷ್ಟ್ರು ಪಕ್ಕದಲ್ಲಿರಲಿಲ್ಲ. ನಾನೂ ಮೇಡಮ್ಮೂ ಹೊರಗೆ ಓಡಿದೆವು. ಮೇಷ್ಟ್ರು ಆಗಲೇ ಮೆಟ್ಟಿಲಿಳಿದು, ಕಟ್ಟಡದ ಪಕ್ಕದ ಸಂದಿ ದಾಟಿ ಓಣಿಗೆ ಕಾಲಿಟ್ಟಿದ್ದರು. ಗೋಡೆ ಹಿಡಿದಿರಲಿಲ್ಲ. ಸದ್ದು ಬಂದ ಕಡೆಗೆ ಮುಖ ಮಾಡಿ, ಓಣಿಯ ನಟ್ಟನಡುವೆ ನಿಂತು, ಕಲಿಯುವವರಿಗೆ ಬ್ರೇಕ್ ಒತ್ತಲು ಹೇಳುವಾಗ ಎತ್ತುತ್ತಿದ್ದ ಹಾಗೆ ಅಂಗೈ ಎತ್ತಿದರು.

“ಅಪ್ಪಾ!” ಎಂದು ಮೇಡಂ ಚೀರಿದರು.

ಎಂಜಿನ್ನು ಮೂರನೇ ಸಲ ಹೊತ್ತಿತು. ಈ ಸಲ ಆರಲಿಲ್ಲ.